ಗಂಟೆ ಇಳಿಸಿದ ಊರು

ಒಂದು ನೇಕಾರರ ಊರು. ಆ ಊರಿಗೊಬ್ಬ ಸಾಹುಕಾರ. ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವಚನದ ಕಥೆಯಲ್ಲಿ ಸಾಹುಕಾರ ಬಂದ ಕೂಡಲೇ ಹಿಂದೆ ಕೂತವರಿಗೆ ಖುಷಿ, ಮುಂದೆ ಕೂತವರಿಗೆ ಕಸಿವಿಸಿ. ಇವತ್ತು ಹಾಗಿಲ್ಲ. ಇವತ್ತು ಇಬ್ಬರಿಗೂ ಇದೆ.

ನಿನ್ನೆ ಕಾಲೇಜಿನ ಹುಡುಗಿಯೊಬ್ಬಳು ಮಠಕ್ಕೆ ಬಂದು ಕೇಳಿದಳು, "ಅಜ್ಜಾರ, ಉದಾರವಾದ ಅಂದ್ರ ಏನ್ರಿ? ಬಂಡವಾಳಶಾಹಿ ಅಂದ್ರೂ ಅದೇ ಏನು, ಬ್ಯಾರೆ ಏನು?" ಪುಸ್ತಕದ ಉತ್ತರ ಅವಳಿಗೆ ಬಾಯಿಪಾಠ ಇತ್ತು. ಮನುಷ್ಯ ಸ್ವತಂತ್ರ, ಅವನ ಬಾಳನ್ನು ಅವನ ಹುಟ್ಟು ತೀರ್ಮಾನಿಸಬಾರದು, ಅದು ಉದಾರವಾದ. ಒಡೆಯನಾದವನು ಬಂಡವಾಳ ಹಾಕಿ ಲಾಭಕ್ಕಾಗಿ ದುಡಿಸುವುದು ಬಂಡವಾಳಶಾಹಿ. ಸರಿಯಾಗೇ ಹೇಳಿದಳು. ಆದರೆ ಎರಡೂ ಒಂದೇ ಮನೆಯಲ್ಲಿ ಸಂಸಾರ ಹೂಡಿದರೆ ಏನಾಗುತ್ತೆ? ಅದಕ್ಕೇ ಈ ಕಥೆ.

ಆ ಊರಲ್ಲಿ ಮನೆಮನೆಗೂ ಮಗ್ಗ. ಊರ ನಡುವೆ ಪಂಚರ ಕಟ್ಟೆ, ಕಟ್ಟೆಯ ಮೇಲೊಂದು ಗಂಟೆ. ಹೊತ್ತು ಮುಳುಗಿದಾಗ ಪಂಚರು ಗಂಟೆ ಬಾರಿಸುತ್ತಿದ್ದರು. ಗಂಟೆ ಆದಮೇಲೆ ಯಾರ ಮನೆಯ ಮಗ್ಗವೂ ಸದ್ದು ಮಾಡಬಾರದು. ಅವಸರದ ಮದುವೆ ಸೀರೆಯೇ ಇರಲಿ, ಲಾಳಿ ಕೆಳಗಿಟ್ಟು ಏಳಬೇಕು. ಅದೇ ಪಂಚರದು ಇನ್ನೊಂದು ಕಟ್ಟಳೆ ಇತ್ತು. ಹೆಂಗಸರು ಮಗ್ಗಕ್ಕೆ ಕೂರಬಾರದು. ನೂಲಿಗೆ ಗಂಜಿ ಹಾಕಲಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಲಿ, ಮಗ್ಗಕ್ಕೆ ಮಾತ್ರ ಕೂರಬಾರದು. ಅದೇ ಕಟ್ಟೆ, ಅದೇ ಪಂಚರು. ನೋಡಿ, ಇದು ನೆನಪಿರಲಿ.

ಒಬ್ಬ ಹೆಣ್ಣುಮಗಳು ಇದ್ದಳು. ನೇಕಾರ ಗಂಡ ತೀರಿಕೊಂಡ, ಕೈಯಲ್ಲಿ ಹಸುಗೂಸು. ಮನೆಯಲ್ಲಿ ಮಗ್ಗ ಇದೆ, ನೋಡಿ ನೋಡಿ ಕಲಿತ ಕಸುಬಿದೆ, ಕೂರುವ ಹಾಗಿಲ್ಲ. ಪಂಚರ ಕಾಲಿಗೆ ಬಿದ್ದಳು. "ಕಂಡಿಕಿ ಸುತ್ತು ತಂಗಿ, ಊರು ನಿನ್ನ ಉಪವಾಸ ಕೆಡವೂದಿಲ್ಲ" ಅಂದರು. ಗಂಡನ ಮಗ್ಗದ ಮೇಲೆ ಜೇಡ ಬಲೆ ಕಟ್ಟಿತು.

ಆಗ ಸಾಹುಕಾರ ದೊಡ್ಡ ಶೆಡ್ಡು ಕಟ್ಟಿಸಿದ. ನೂರು ಮಗ್ಗ ಹಾಕಿಸಿದ. ಬಾಗಿಲಲ್ಲಿ ನಿಂತು ಸಾರಿದ, "ಇಲ್ಲಿ ಗಂಡು ಹೆಣ್ಣು ಇಲ್ಲ, ಜಾತಿ ಕುಲ ಇಲ್ಲ. ಕಸುಬು ಬಂದವರು ಬರ್ರಿ. ಬ್ಯಾಡಾದ ದಿನ ಬಿಡ್ರಿ. ಬಾಗಿಲು ಯಾವಾಗಲೂ ತೆರೆದಿರ್ತದ." ಹೆಂಗಸರ ಕಟ್ಟಳೆ ಅವನ ಬಾಗಿಲಲ್ಲಿ ನಡೆಯಲಿಲ್ಲ. ಅವಳು ಹೋದಳು. ಮೊದಲ ದಿನ ಮಗ್ಗಕ್ಕೆ ಕೂತು ಅತ್ತಳು. ಇದನ್ನು ಸಣ್ಣದು ಅನ್ನಬೇಡಿ. ಸ್ವಾತಂತ್ರ್ಯದ ಬಗ್ಗೆ ಹಗುರವಾಗಿ ಮಾತಾಡುವವರನ್ನು ಯಾವತ್ತೂ ಯಾರೂ ಮಗ್ಗದಿಂದ ಎಬ್ಬಿಸಿಲ್ಲ.

ಸ್ವಲ್ಪ ದಿನ ಕಳೆಯಿತು. ಶೆಡ್ಡಿನ ಮಗ್ಗಗಳೂ ಪಂಚರ ಗಂಟೆಗೇ ನಿಲ್ಲುತ್ತಿದ್ದವು. ಸಾಹುಕಾರ ಊರವರನ್ನು ಕಟ್ಟೆಯ ಮುಂದೆ ಸೇರಿಸಿದ. "ಬೆಳೆದ ಮನಿಷ್ಯಾಗ ಗಂಟಿ ಹೊಡದು ಏಳು ಅನ್ನಾಕ ಇವರ‍್ಯಾರು? ದುಡಿಯೋದು ಬಿಡೋದು ಅವನ ಇಷ್ಟ" ಅಂದ. ಜನ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವಳು ಅವಳು. ಯಾಕೆ ಹೊಡೆಯಬಾರದು? ಅವಳನ್ನು ಮಗ್ಗದಿಂದ ದೂರ ಇಟ್ಟ ಕೈಯಲ್ಲೇ ಗಂಟೆಯ ಹಗ್ಗವೂ ಇತ್ತು. ಆ ಹಗ್ಗ ಬಿಚ್ಚುವ ಮರ್ಯಾದೆಯನ್ನು ಸಾಹುಕಾರ ಅವಳಿಗೇ ಕೊಟ್ಟ. ಬಿಚ್ಚಿದಳು. ಗಂಟೆಯನ್ನು ಶೆಡ್ಡಿನ ಮೂಲೆಗಿಟ್ಟರು, ಅದರ ಮೇಲೆ ನೂಲಿನ ಚೀಲಗಳು ಬಿದ್ದವು.

ಅವಳ ಕೂಸು ಪಕ್ಕದ ಮನೆಯ ಮುದುಕಿಯ ಹತ್ತಿರ ಇರುತ್ತಿತ್ತು. ಅಂಬೆಗಾಲಿನ ಹೆಣ್ಣುಕೂಸು. ಗಂಟೆ ಇದ್ದಾಗ ಸಂಜೆ ಅದರ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದದ್ದು ಬಿಸಾಡಿ ಹೊಸ್ತಿಲಿಗೆ ತೆವಳಿಕೊಂಡು ಬರುತ್ತಿತ್ತು. ಗಂಟೆ ಆದರೆ ಅವ್ವ ಬರುತ್ತಾಳೆ, ಅಷ್ಟು ಅದಕ್ಕೆ ಗೊತ್ತಿತ್ತು.

ಗಂಟೆ ಇಳಿದ ಮೇಲೂ ಅವಳು ಮೊದಲ ವಾರ ಹೊತ್ತಿಗೆ ಸರಿಯಾಗಿ ಎದ್ದಳು. ಪಕ್ಕದ ಮಗ್ಗ ನಿಲ್ಲಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಆದರೆ ಒಳ್ಳೆಯ ನೂಲು ಹೆಚ್ಚು ಹೊತ್ತು ಕೂತವರಿಗೆ ಹೋಯಿತು. ಬಾಗಿಲ ಹೊರಗೆ ಮಗ್ಗ ಸಿಗುತ್ತದೇನೋ ಎಂದು ಕಾಯುವವರ ಸಾಲು ಬೆಳೆಯಿತು. ಇವಳು ಇನ್ನೊಂದು ತಾಸು ಕೂತಳು. ಇವಳನ್ನು ನೋಡಿ ಪಕ್ಕದವಳು ಇನ್ನೂ ಒಂದು ತಾಸು ಕೂತಳು. ಯಾರಪ್ಪಣೆ? ಯಾರದ್ದೂ ಅಲ್ಲ. ಎಲ್ಲರೂ ಸ್ವತಂತ್ರರು. ಮೊದಲು ಯಾರು ಏಳುತ್ತಾರೋ ಎಂದು ಎಲ್ಲರೂ ಎಲ್ಲರನ್ನೂ ನೋಡುತ್ತ ಕೂತೇ ಇದ್ದರು.

ಕೂಸು ಕೆಲವು ದಿನ ಯಾವ ಗಂಟೆ ಕೇಳಿದರೂ ಹೊಸ್ತಿಲಿಗೆ ಬಂತು. ಐಸ್‌ಕ್ಯಾಂಡಿಯವನ ಗಂಟೆಗೆ ಬಂತು, ಎತ್ತಿನ ಕೊರಳ ಗಂಟೆಗೆ ಬಂತು. ಬೀದಿ ನೋಡಿ ವಾಪಸ್ ಹೋಯಿತು. ಆಮೇಲೆ ಬರುವುದನ್ನೇ ಬಿಟ್ಟಿತು. ಅವ್ವ ಬರುವಾಗಲೂ ಮಲಗಿರುತ್ತಿತ್ತು, ಹೋಗುವಾಗಲೂ ಮಲಗಿರುತ್ತಿತ್ತು.

ಒಂದು ದಿನ ನೂಲು ಖಾಲಿಯಾಯಿತು. ಬೆಳಕಿದ್ದಾಗಲೇ ಮನೆಗೆ ಬಂದಳು. ಕೂಸು ಗೋಡೆ ಹಿಡಿದು ನಿಂತಿತ್ತು. ನಿಲ್ಲಲು ಕಲಿತದ್ದೂ ಇವಳಿಗೆ ಗೊತ್ತಿರಲಿಲ್ಲ. ಕುಕ್ಕುರುಗಾಲಲ್ಲಿ ಕೂತು ಎರಡೂ ಕೈ ಚಾಚಿದಳು. ಕೂಸು ನೋಡಿತು, ಹೆದರಿತು, ತಿರುಗಿ ಮುದುಕಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡು "ಅವ್ವಾ" ಅಂದಿತು. ಅದು ಅದರ ಮೊದಲ ಮಾತು. ಮುದುಕಿಯೇ ಅತ್ತುಬಿಟ್ಟಳು. "ನಾ ಕಲಿಸಿಲ್ಲ ಮಗಳ, ನಿನ್ನಾಣಿ" ಅಂದಳು.

ಅವಳು ಸಾಹುಕಾರನ ಹತ್ತಿರ ಹೋದಳು. "ಗಂಟಿ ಮತ್ತ ಕಟ್ಟಸ್ರಿ ಧಣ್ಯಾರ."

"ಯಾಕವ್ವ? ನಿನ್ನ ಯಾರು ಹಿಡದಾರ? ಬಾಗಿಲು ತೆರದೇ ಐತಿ. ಹೊತ್ತಿಗಿ ಎದ್ದು ಹೋಗು."

"ನಾ ಒಬ್ಬಾಕಿ ಎದ್ರ ನನ್ನ ಮಗ್ಗಕ್ಕ ಇನ್ನೊಬ್ರು ಕೂಡ್ತಾರ್ರಿ. ಎಲ್ಲಾರೂ ಕೂಡೇ ಎದ್ರ ಯಾರದೂ ಹೋಗೂದಿಲ್ಲ."

"ಹಂಗಂದ್ರ ದುಡೀತೀನಿ ಅನ್ನಾವನ ಸ್ವಾತಂತ್ರ್ಯ ನಾ ಕಸಗೊಂಡಂಗ ಆಗ್ತದಲ್ಲವ್ವ" ಅಂದ ಸಾಹುಕಾರ.

ಅವನು ಸುಳ್ಳು ಹೇಳಲಿಲ್ಲ ನೋಡಿ. ನನಗೆ ಸಂಕಟ ಆಗುವುದೇ ಅಲ್ಲಿ. ಅವಳನ್ನು ಮಗ್ಗಕ್ಕೆ ಕೂರಿಸಿದ್ದೂ ಅದೇ ಮಾತು, ಮಗ್ಗದಿಂದ ಏಳದ ಹಾಗೆ ಮಾಡಿದ್ದೂ ಅದೇ ಮಾತು. ಅವಳು ಜೊತೆಯವರನ್ನು ಕೇಳಿದಳು, "ಗಂಟಿ ಕಟ್ಟೂಣು, ಈ ಸಲ ಹಗ್ಗ ನಮ್ಮ ಕೈಯಾಗ ಇರಲಿ." ಅವರು ಲಾಳಿ ನಿಲ್ಲಿಸದೆ ಅಂದರು, "ಇಳಿಸಿದಾಕಿ ನೀನೇ ಅಲ್ಲೇನ?" ಅವಳು ಹೋಗಿ ಮಗ್ಗಕ್ಕೆ ಕೂತಳು. ಕಥೆ ಇಷ್ಟೇ.

ಈಗ ಹೇಳಿ, ಪಂಚರು ವಾಪಸ್ ಬರಬೇಕೇ? ಬೇಡ. ಬಂದರೆ ಅವಳು ಮತ್ತೆ ಕಂಡಿಕೆ ಸುತ್ತುತ್ತಾಳೆ. ಉದಾರವಾದ ಬಾಗಿಲು ತೆರೆಯಿತು, ಅದು ದೊಡ್ಡ ಕೆಲಸ. ಆದರೆ ಹೊಟ್ಟೆಯ ಹೆದರಿಕೆ ಇರುವವಳಿಗೆ ತೆರೆದ ಬಾಗಿಲಿಂದ ಒಬ್ಬಳೇ ಹೊರಗೆ ಹೋಗಲು ಆಗುತ್ತದೆಯೇ? ಬಂಡವಾಳಕ್ಕೆ ಅದು ಗೊತ್ತು. ಅದಕ್ಕೇ ಅದು ಬಾಗಿಲು ಹಾಕುವುದಿಲ್ಲ. ಆ ಊರವರು ಮಾಡಿದ ತಪ್ಪು ಒಂದೇ. ಹಗ್ಗ ಹಿಡಿದ ಕೈ ಬದಲಿಸಬೇಕಿತ್ತು, ಗಂಟೆಯನ್ನೇ ಇಳಿಸಿದರು.

ಮುಂದೆ ಕೂತಿದ್ದೀರಲ್ಲ, ಬಟ್ಟೆ ಅಂಗಡಿಯವರು. ನಿಮ್ಮ ಅಂಗಡಿಯ ಹುಡುಗಿಯರು ಬೆಳಗಿನಿಂದ ನಿಂತೇ ಇರುತ್ತಾರೆ. ಕೇಳಿದರೆ, "ಇಷ್ಟ ಇದ್ದರೆ ಇರಲಿ, ಇಲ್ಲದಿದ್ದರೆ ಬಿಡಲಿ" ಅನ್ನುತ್ತೀರಿ. ಒಬ್ಬರೇ ಬೇಗ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ನಿಜ. ಹಾಗಾದರೆ ಕೂಡಿ ಮುಚ್ಚಿ. ನಾಳೆಯೇ ಬೀದಿಯವರೆಲ್ಲ ಸೇರಿ, ಆ ಹುಡುಗಿಯರನ್ನೂ ಕೂರಿಸಿಕೊಂಡು ಒಂದು ಹೊತ್ತು ಗೊತ್ತುಮಾಡಿ. ಅವರಿಗೆ ಕೂರಲು ಒಂದೊಂದು ಸ್ಟೂಲು ಹಾಕಿ. ಹಿಂದೆ ಕೂತವರು ನಗಬೇಡಿ. ಶಟರ್ ಅರ್ಧ ಇಳಿದ ಮೇಲೆ ಬಗ್ಗಿ ಒಳಗೆ ಬಂದು, "ಒಂದೇ ಒಂದು ಸೀರಿ ತೋರಸವ್ವ" ಅನ್ನುವವರು ನೀವೇ. ಇನ್ನು ಮೇಲೆ ಬಗ್ಗಬೇಡಿ. ಜೊತೆಗೆ ದುಡಿಯುವವಳು ಮನೆಗೆ ಹೋಗಬೇಕೆಂದು ಎದ್ದರೆ ಅವಳ ಜಾಗ ನೋಡಬೇಡಿ, ನೀವೂ ಏಳಿ.

ನನ್ನದೂ ಒಂದು ತಪ್ಪಿದೆ. ಒಳಗೆ ನಿಮ್ಮ ಪ್ರಸಾದಕ್ಕೆ ಆರು ಜನ ತಾಯಂದಿರು ರೊಟ್ಟಿ ಬಡಿಯುತ್ತಿದ್ದಾರೆ. ನಾನು ಮಾತು ನಿಲ್ಲಿಸುವ ತನಕ ಅವರು ಏಳುವ ಹಾಗಿಲ್ಲ. ತಿಂಗಳಿಂದ ಪ್ರವಚನ ನಡೆದಿದೆ, ಅವರನ್ನು ಯಾರೂ ಹಿಡಿದಿಲ್ಲ, ನಾನೂ ಹಿಡಿದಿಲ್ಲ. ಅವರ ಮನೆಯಲ್ಲೂ ಕೂಸುಗಳಿವೆ. ಇವತ್ತಿನ ಪ್ರವಚನ ಇಲ್ಲಿಗೇ ಸಾಕು. ತಟ್ಟೆ ನೀವೇ ತೊಳೆದಿಟ್ಟು ಹೋಗಿ. ಅಯ್ಯಾ, ಮಠದ ಗಂಟೆ ಬಾರಿಸು.