ಎರಡು ಸಲ ಮಿಂಚುವ ಫ್ಲಾಶ್

ಅಧ್ಯಕ್ಷತೆ ವಹಿಸಿರುವ ಈಜುಕೊಳದ ವ್ಯವಸ್ಥಾಪಕರೇ, ವೇದಿಕೆಯ ಮೇಲಿರುವ ಹಿರಿಯ ತರಬೇತುದಾರರೇ, ಒದ್ದೆ ತಲೆಯಲ್ಲೇ ಓಡಿಬಂದಿರುವ ಬೆಳಗಿನ ತಂಡದವರೇ ಮತ್ತು ಆತ್ಮೀಯ ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ನಿಮ್ಮ ಜೀವರಕ್ಷಕಿ ನನ್ನ ಅತ್ತೆ. ಅವರ ಬಗ್ಗೆ ಮಾತಾಡಲು ನನಗಿಂತ ಅರ್ಹರು ಇಲ್ಲಿ ಬೇಕಾದಷ್ಟು ಮಂದಿ. ಅವರ ಕೈ ಹಿಡಿದು ನೀರಿನಿಂದ ಮೇಲೆ ಬಂದವರೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನನಗೆ ಈಜು ಬರುವುದಿಲ್ಲ. ಇಗೋ, ಟವೆಲ್ ಮುಚ್ಚಿಟ್ಟಿರುವ ಈ ಫೋಟೋದ ಬಗ್ಗೆ ಮಾತ್ರ ನಾಲ್ಕು ಮಾತು.

ಟಿಕೆಟ್ ಕಿಟಕಿಯ ಪಕ್ಕದ ಹಲಗೆಯಲ್ಲಿ ಕಾವಲಿನವರ ಫೋಟೋಗಳಿವೆ. ಎಲ್ಲರ ಕಣ್ಣೂ ತೆರೆದಿವೆ, ಅತ್ತೆಯದೊಂದನ್ನು ಬಿಟ್ಟು. "ಕಾಯೋರೇ ಮಲಗಿದ್ದಾರೆ, ಎಬ್ಬಿಸಿ ನೀರಿಗಿಳೀರಪ್ಪ" ಎಂದು ಗೇಲಿ ಮಾಡುತ್ತಿದ್ದವರು ನೀವೇ ಅಲ್ಲವೇ? ನಮ್ಮ ಮದುವೆಯ ಫೋಟೋದಲ್ಲೂ ಹಾಗೇ. ಮಗು ಹುಟ್ಟಿದ ದಿನದ ಫೋಟೋದಲ್ಲೂ ಹಾಗೇ. ನೀವು ನಕ್ಕಿರಿ. ನಾನು ನಗಲಿಲ್ಲ. ಯಾಕೆಂದರೆ ನಾಳೆಯಿಂದ ನಾನು ಮತ್ತೆ ಕೆಲಸಕ್ಕೆ ಹೋಗಬೇಕು. ನಾಳೆಯಿಂದ ನನ್ನ ಮಗುವನ್ನು ಕಾಯುವವರು ಇವರೇ. ನನ್ನದೋ ನಿದ್ದೆಗೆಟ್ಟ ತಲೆ. ಮಲಗಿದ ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವವರ ಪೈಕಿ ನಾನು. ಊಟವಾದ ಮೇಲೆ ಅತ್ತೆ ಕುರ್ಚಿಗೆ ಒರಗಿದರೆ ಸಾಕು, ಆ ಹಲಗೆಯೇ ನನ್ನ ಕಣ್ಣ ಮುಂದೆ. ತೊಟ್ಟಿಲಿನ ಮೇಲೊಂದು ಕ್ಯಾಮೆರಾ ಹಾಕಿಸಿಬಿಡೋಣ ಎಂದು ಇವರ ಮಗನ ಹತ್ತಿರ... ಅದಿರಲಿ, ಸಭೆಗೆ ಬೇಡದ ಮಾತು.

ಬೀಳ್ಕೊಡುಗೆಗೆ ಫೋಟೋ ನೀನೇ ತೆಗೆ ಎಂದರು ಗಂಡ. ಕ್ಯಾಮೆರಾ ಮನೆಯಲ್ಲಿತ್ತು; ಅದರ ನೆತ್ತಿಗೆ ಸಿಕ್ಕಿಸುವ ದೊಡ್ಡ ಫ್ಲಾಶನ್ನು ನನ್ನ ತಮ್ಮ ಕೊಟ್ಟ. ಅದೆಷ್ಟರ ಮಹಾ ವಿದ್ಯೆ ಎಂದುಕೊಂಡು ಅತ್ತೆಯ ಮುಖಕ್ಕೆ ನೇರವಾಗಿ ಹೊಡೆದೆ. ಮುಖ ಹಿಟ್ಟು ಮೆತ್ತಿದ ಹಾಗೆ, ಹಿಂದಿನ ಗೋಡೆಯ ಮೇಲೆ ಇದ್ದಿಲಿನಂಥ ನೆರಳು. ಬೆಳಕನ್ನು ಮುಖಕ್ಕೆ ಎರಚಬಾರದು, ಗೋಡೆಗೆ ತಗುಲಿ ವಾಪಸು ಬರುವಂತೆ ಮಾಡಬೇಕು ಎಂದ ತಮ್ಮ. ಸರಿ, ಫ್ಲಾಶಿನ ಕತ್ತು ತಿರುಗಿಸಿದೆ. ತಿರುಗಿಸಿದ್ದು ಎಲ್ಲಿಗೆ? ಇಲ್ಲಿನ ಕಾವಲು ಕೋಣೆಯ ನೀಲಿ ಗೋಡೆಗೆ! ಬೆಳಕು ಬರುವಾಗ ಗೋಡೆಯ ಬಣ್ಣವನ್ನೂ ಹೊತ್ತು ತಂದಿತು. ಅತ್ತೆ ಫೋಟೋ ನೋಡಿ, "ಇಷ್ಟು ವರ್ಷ ಊರವರನ್ನೆಲ್ಲ ನೀರಿಂದ ಎತ್ತಿದೆ. ಕೊನೆಗೆ ನನ್ನನ್ನೇ ಮುಳುಗಿಸಿಬಿಟ್ಟೆಯಲ್ಲೇ!" ಅಂದರು.

ಮನೆಯ ಬಿಳಿ ಗೋಡೆಗೆ ಬಂದೆವು. ಮುಖದ ಮೇಲೆ ಬೆಳಕು ಮೆತ್ತಗೆ ಹರಡಿತು, ನೆರಳು ಮಾಯವಾಯಿತು. ಕಣ್ಣು? ಮುಚ್ಚಿತ್ತು. ಮತ್ತೆ ತೆಗೆದೆ. ಮತ್ತೂ ಮುಚ್ಚಿತ್ತು.

"ಅತ್ತೆ, ಒಂದು ಗಳಿಗೆ ಕಣ್ಣು ಬಿಟ್ಕೊಂಡಿರಿ ಅಂದ್ರೆ..."

"ಬಿಟ್ಕೊಂಡೇ ಇದೀನಿ ಕಣೇ. ನಿನ್ನ ಯಂತ್ರ ಎರಡು ಸಲ ಮಿಂಚುತ್ತೆ. ಮೊದಲನೇದಕ್ಕೆ ನಾನು ರೆಪ್ಪೆ ಬಡೀತೀನಿ, ಎರಡನೇದಕ್ಕೆ ನೀನು ಹಿಡೀತೀಯ."

ನನಗೆ ಕಂಡಿದ್ದು ಒಂದೇ ಮಿಂಚು. ಫ್ಲಾಶಿನ ಜೊತೆ ಬಂದಿದ್ದ ಕೈಪಿಡಿ ತೆರೆದೆ. ಇತ್ತು! ಲೆಕ್ಕವನ್ನು ಫ್ಲಾಶಿಗೇ ಬಿಟ್ಟರೆ, ಬೆಳಕು ಎಷ್ಟು ಬೇಕೆಂದು ಅಳೆಯಲು ಅದು ಮೊದಲೊಂದು ಸಣ್ಣ ಮಿಂಚು ಬಿಡುತ್ತದೆ. ನಮ್ಮಂಥವರ ರೆಪ್ಪೆ ಅಲುಗುವಷ್ಟರಲ್ಲಿ ಫೋಟೋ ಮುಗಿದಿರುತ್ತದೆ. ತೀರಾ ಚುರುಕಾದ ಕಣ್ಣು ಮಾತ್ರ ಆ ಸಣ್ಣ ಮಿಂಚಿಗೇ ಮುಚ್ಚಿಕೊಂಡುಬಿಡುತ್ತದೆ. ಹಾಗಾದರೆ ಸಭಿಕರೇ, ನೀವು ಇಷ್ಟು ವರ್ಷ ಹಲಗೆಯಲ್ಲಿ ನೋಡಿ ನಕ್ಕಿದ್ದು ನಿದ್ದೆಯನ್ನೇ?

ಲೆಕ್ಕವನ್ನು ಫ್ಲಾಶಿನಿಂದ ಕಿತ್ತುಕೊಂಡು ನಾನೇ ವಹಿಸಿಕೊಂಡೆ. ಬೆಳಕನ್ನು ಕೈಯಾರೆ ಹೊಂದಿಸಿದೆ. ಮೊದಲು ವಿಪರೀತ, ಆಮೇಲೆ ಕತ್ತಲೆ, ಆಮೇಲೆ ಹದ. ಈಗ ಒಂದೇ ಮಿಂಚು. "ಅತ್ತೆ, ಇಲ್ಲಿ ನೋಡಿ" ಎಂದು ಒತ್ತಿದೆ.

ಟವೆಲ್ ತೆಗೆಯುತ್ತಿದ್ದೇನೆ.

ನೋಡಿ, ಕಣ್ಣು ಎಷ್ಟು ಅಗಲ! ಆದರೆ ಅವರು ನನ್ನನ್ನು ನೋಡುತ್ತಿಲ್ಲ. ಕುರ್ಚಿಯಿಂದ ಅರ್ಧ ಎದ್ದಿದ್ದಾರೆ, ಒಂದು ಕೈ ಮುಂದಕ್ಕೆ ಚಾಚಿದೆ. ಇಷ್ಟು ಕಷ್ಟಪಟ್ಟರೂ ಕೆಡಿಸಿದರಲ್ಲ ಎಂದು ಗೊಣಗಲು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನನ್ನು ದಾಟಿ ಹೋಗಿಯಾಗಿತ್ತು. ತಿರುಗಿದೆ. ನನ್ನ ಬೆನ್ನ ಹಿಂದೆ, ಮಂಚದ ನಟ್ಟನಡುವೆ ಮಲಗಿಸಿದ್ದ ಮಗು ಮೊಟ್ಟಮೊದಲ ಸಲ ಮಗುಚಿಕೊಂಡು, ಉರುಳಿ, ಅಂಚು ದಾಟಿ, ಅತ್ತೆಯ ಅಂಗೈಯ ಮೇಲೆ ಹೊಟ್ಟೆಯೂರಿ ಕಾಲು ಬಡಿಯುತ್ತಿತ್ತು.

"ಈಜು ಶುರು ಮಾಡಿದ್ದಾಳೆ ನೋಡೇ ನಿನ್ನ ಮಗಳು," ಅಂದರು.

ತೊಟ್ಟಿಲಿನ ಮೇಲಿನ ಕ್ಯಾಮೆರಾದ ಮಾತನ್ನು ಆಮೇಲೆ ನಾನು ಎತ್ತಿಲ್ಲ. ಹಲಗೆಯ ಹಳೆಯ ಫೋಟೋ ತೆಗೆದು ಇದನ್ನು ಹಾಕಬೇಕೆಂದು ವ್ಯವಸ್ಥಾಪಕರಲ್ಲಿ ನನ್ನ ವಿನಂತಿ. ಮಗು ಈಗ ಹಿಂದಿನ ಸಾಲಿನಲ್ಲಿ ಗಂಡನ ತೊಡೆಯ ಮೇಲಿಲ್ಲ, ವೇದಿಕೆಯ ಮೇಲೆ ಅತ್ತೆಯ ಹೆಗಲ ಮೇಲಿದೆ. ಇಷ್ಟು ಹೊತ್ತಿನಲ್ಲಿ ನಾನು ಅತ್ತ ತಿರುಗಿ ನೋಡಿದ್ದು ಎರಡೇ ಸಲ. ಮನೆಯವರಿಗೆ ಗೊತ್ತು, ಇದು ದಾಖಲೆ.

ತಾಳ್ಮೆಯಿಂದ ಕೇಳಿದ್ದಕ್ಕೆ, ಇವರನ್ನು ಇಷ್ಟು ವರ್ಷ ನಂಬಿ ನೀರಿಗಿಳಿದಿದ್ದಕ್ಕೆ, ನಿಮಗೆಲ್ಲ ವಂದನೆಗಳು. ಇನ್ನು ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುತ್ತೇವಂತೆ. ಅದರಲ್ಲಿ ಇಬ್ಬರ ಕಣ್ಣು ಮುಚ್ಚಿದ್ದರೆ ಗಾಬರಿಯಾಗಬೇಡಿ. ಒಬ್ಬರು ಅತ್ತೆ, ಎಚ್ಚರವಿರುವುದರಿಂದ. ಇನ್ನೊಬ್ಬಳು ನಾನು. ನನಗೆ ಈಗ ನಿಜವಾಗಿಯೂ ನಿದ್ದೆ ಬರುತ್ತಿದೆ.

ನಮಸ್ಕಾರ.