ಎಳೆದ ವೇಗ

…ಆ ಸಾಮಾನಿನ ಡಬ್ಬ ಹಿಂದಿನ ಸೀಟಿಗೆ ಹಾಕೋ ಪದ್ದು. ಲಿವೋನಿಯಾದ ಆಫೀಸಿಂದ ಕ್ಯಾಂಟನ್‌ನ ಮನೆವರೆಗೂ ತೊಡೆ ಮೇಲೇ ಇಟ್ಕೊಂಡು ಕೂರ್ತೀಯಾ? ಸರಿ, ಇಟ್ಕೋ. ನಾಳೆಯಿಂದ ಈ ಕಾರಲ್ಲಿ ನಾನೊಬ್ಬನೇ.

ಯಾಕೆ ನಗ್ತೀಯ? ತೆಗೆದಿದ್ದು ನಿನ್ನನ್ನಲ್ಲ, ನಿನ್ನ ಹುದ್ದೇನ ಅಂತ ಎಚ್‌ಆರ್‌ನೋರು ಹೇಳಿದ್ರಲ್ಲ. ಒಳ್ಳೇ ಜನ. ಹುದ್ದೆಗೆ ಹೆಂಡತಿ ಇಲ್ಲ, ವೀಸಾ ಇಲ್ಲ. ಇಂದೂಗೆ ಏನು ಹೇಳ್ತೀಯ? …ಬಿಡು, ಕೇಳಬಾರದಿತ್ತು.

ಆದ್ರೂ ನೀನು ಸ್ವಲ್ಪ ಬಗ್ಗಬಹುದಿತ್ತು ಕಣೋ. ಡೆಟ್ರಾಯ್ಟಲ್ಲಿ ಕಾರು ಕಂಪನಿಗಳೇ ದಿವಾಳಿ ಆಗಿ ಕೋರ್ಟಲ್ಲಿ ನಿಂತಿರೋವಾಗ, ನೀನು ಒಂದು ಪ್ಲಾಸ್ಟಿಕ್ ತುಂಡಿಗೆ ನ್ಯಾಯ ಕೇಳ್ತಾ ಕೂತೆ. ಬೇಕಂತಲೇ ಬಿರುಕು ಕೊಯ್ದ ತುಂಡು ಮೆಷಿನ್‌ನಲ್ಲಿ ಮುರಿಯೋಕೆ ಒಂದು ನಿಮಿಷ ತಗೊಂಡ್ರೆ, ಬಿರುಕಿಲ್ಲದ್ದನ್ನೂ ಅಷ್ಟೇ ನಿಧಾನವಾಗಿ ಎಳೀಬೇಕು, ಅದು ಸೋತು ಹಿಗ್ಗೋಕೆ ಶುರುವಾಗೋ ಬಲ ಆಗಲೇ ಸರಿಯಾಗಿ ಸಿಗೋದು. ಗೊತ್ತಪ್ಪ, ನಾನೂ ಓದಿದೀನಿ. ಬೇಗ ಎಳೆದ್ರೆ ಪ್ಲಾಸ್ಟಿಕ್ ಇರೋದಕ್ಕಿಂತ ಗಟ್ಟಿ ಅಂತ ತೋರಿಸ್ಕೊಳ್ಳುತ್ತೆ, ತೆಳ್ಳಗಿನ ಸ್ಯಾಂಪಲ್ಲೂ ಪಾಸಾಗುತ್ತೆ. ಇಂಟರ್‌ವ್ಯೂನಲ್ಲಿ ನಾವೆಲ್ಲ ಮಾಡೋದೂ ಅದೇ ಅಲ್ವಾ.

ನೀನು ನಿಧಾನವಾಗಿ ಎಳೆದೆ. ಸ್ಯಾಂಪಲ್ ತೀರಾ ತೆಳು, ದಪ್ಪದ್ದು ಮಾಡಿಸಿ ಮತ್ತೆ ಮೊದಲಿಂದ ಟೆಸ್ಟ್ ಮಾಡ್ಬೇಕು ಅಂತ ಬರೆದುಬಿಟ್ಟೆ. ಲ್ಯಾಬಿಗೆ ನಮ್ಮಿಬ್ಬರಲ್ಲಿ ಒಬ್ಬ ಸಾಕು ಅಂತ ಮಾತಾಡ್ಕೊಳ್ತಿದ್ದ ಹೊತ್ತಲ್ಲಿ! ಮ್ಯಾನೇಜರ್‌ಗೆ ಬೇಕಿದ್ದಿದ್ದು ಶುಕ್ರವಾರಕ್ಕೆ ಒಂದು ನಂಬರ್. ಶಿಕಾಗೋ ಲ್ಯಾಬಿನವರು ಎಳೆದು ಕೊಟ್ರು. ನಿನ್ನದಕ್ಕಿಂತ ಜಾಸ್ತಿ ಬಂತು, ಪಾಸಾಯ್ತು. ಟೆಸ್ಟ್ ಮಾಡೋಕೆ ಬರದವನು ಅಂತ ನಿನಗೆ ಹೆಸರು ಬಂತು.

ನಾನಾ? ನಾನೇನು ಮಾಡ್ಲಿ. ಇಮೇಲಲ್ಲಿ ನಂಬರ್ ನೋಡಿದ್ದಷ್ಟೇ. ನಿನ್ನ ಪರವಾಗಿ ಮಾತಾಡಿದೆ ಕೂಡ. …ಮೆತ್ತಗೆ ಮಾತಾಡಿದೆ. ಆದ್ರೂ ಮಾತಾಡಿದೆ.

ನಿಜ ಹೇಳ್ಲಾ, ನೀನು ಹೇಳಿದ್ದೇ ಸರಿ. ಅಷ್ಟು ಬೇಗ ಎಳೆದ್ರೆ ಅದು ಟೆಸ್ಟೇ ಅಲ್ಲ. ನಿನ್ನ ತುಂಡುಗಳು ಬೆಳ್ಳಗಾಗಿ, ಸಮಾಧಾನವಾಗಿ ಸಣ್ಣಗಾಗ್ತಿದ್ವು. ಈ ಬೇಗ ಎಳೆದಿದ್ದು ನೋಡ್ತಿದ್ದಂಗೇ ಟಪ್ ಅಂತ ಹೋಯ್ತು. ಮೆಷಿನ್ ಹಿಡಿಕೆಯಿಂದ ಬಿಚ್ಚಿದ್ರೆ ತುಂಡಿನ ಸೊಂಟದ ಹತ್ರ ಇನ್ನೂ ಬೆಚ್ಚಗಿತ್ತು ಕಣೋ, ಬೆರಳಿಗೆ…

ಏನು?

ಯಾಕೆ ಹಾಗೆ ನೋಡ್ತೀಯ? ಅವರು ಹೇಳಿದ್ರು. ಶಿಕಾಗೋದವರು. ಫೋನಲ್ಲಿ. ಯಾರು ಅಂದ್ರೆ… ಹೆಸರು ಮರೆತುಹೋಯ್ತು.

ಬೆಲ್ಟ್ ಯಾಕೆ ಬಿಚ್ಚಿದೆ? ಬೈಯಿ ಬೇಕಾದ್ರೆ.

ಪದ್ದು, ಇದು ಸಿಗ್ನಲ್. ನಿನ್ನ ಮನೆ ಇನ್ನೂ ಎರಡು ಮೈಲಿ ಇದೆ. ಬಾಗಿಲು ಹಾಕೋ… ಹಸಿರು ಬಂತು, ಹಿಂದಿನವರು ಹಾರ್ನ್ ಹೊಡೀತಿದಾರೆ.