ನಾಯಿ ಕಾಣೆಯಾಗಿದೆ

ಜೆರಾಕ್ಸ್ ಅಂಗಡಿಯಲ್ಲಿ ನನ್ನ ಮುಂದಿದ್ದ ಟೀಚರೊಬ್ಬರು, ತಮ್ಮ ಚಿಕ್ಕಮ್ಮ ಬರೆದು ತಂದಿದ್ದ ಪ್ರಕಟಣೆಯನ್ನು ಪೆನ್ನು ಹಿಡಿದು ತಿದ್ದುತ್ತಿದ್ದರು.

“ಬಣ್ಣ, ಬೆಲ್ಟು, ಫೋನ್ ನಂಬರು ಸಾಕು ಚಿಕ್ಕಮ್ಮ. ‘ಗುಡುಗಿದರೆ ಹೆದರುತ್ತಾನೆ, ತಲೆ ಮೇಲೆ ಕೈಯಿಟ್ಟರೆ ಮಲಗುತ್ತಾನೆ’ ಅಂತೆಲ್ಲ ಯಾಕೆ? ಬೀದೀಲಿ ನೋಡಿದೋರಿಗೆ ಇದರಿಂದ ಏನು ಗುರುತು ಸಿಗುತ್ತೆ?”

“ಅದು ಬೀದೀಲಿ ನೋಡಿದೋರಿಗಲ್ಲ ಕಣೇ. ಮನೇಲಿ ಇಟ್ಕೊಂಡಿರೋರಿಗೆ.”

“ಹಾಗಾದ್ರೆ ಅವರ ಮನಸ್ಸು ಕರಗಿ ವಾಪಸ್ ಕೊಡೋ ಹಾಗೆ ಬರಿ. ನೀನು ಸಾಕೋದು ಹೇಗೆ ಅಂತ ಹೇಳ್ಕೊಡ್ತಿದ್ದೀಯಲ್ಲ!”

“ಕೊಡೋದು ಬಿಡೋದು ಆಮೇಲಿನ ಮಾತು. ನಿನ್ನೆ ಎಷ್ಟು ಗುಡುಗಿತು, ನಿನಗೆ ಕೇಳಿಸ್ಲಿಲ್ವಾ?”

ಟೀಚರ್ ಹೊಡೆದುಹಾಕಲು ಹೊರಟಿದ್ದ ಆ ಸಾಲಿನ ಮೇಲೆಯೇ ಇನ್ನೊಮ್ಮೆ ಪೆನ್ನು ಓಡಿಸಿ, ಅಕ್ಷರಗಳನ್ನು ದಪ್ಪ ಮಾಡಿದರು.

ಪ್ರತಿಗಳನ್ನು ಎದೆಗವಚಿಕೊಂಡು ಇಬ್ಬರೂ ಹೊರಟರು. ಮೆಟ್ಟಿಲಿಳಿಯುವಾಗ ಚಿಕ್ಕಮ್ಮ ತಲೆಯೆತ್ತಿ ಮೋಡ ನೋಡಿದರು.